ಸೊನ್ನೆ ಬರಬಾರದು ಅಂತ

ಮುನಿವೆಂಕಟಮ್ಮ ಪ್ರತಿ ವರ್ಷ ಅಧ್ಯಕ್ಷೆಯಾಗುವುದಕ್ಕೆ ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ, ಕುಂದಾಣದ ಆಚೆಗಿರುವ ಗುಲಾಬಿ ತೋಟದ ಹೆಂಗಸರೆಲ್ಲ ಪ್ಯಾಕಿಂಗ್ ಶೆಡ್ಡಿನಲ್ಲಿ ಸೇರುತ್ತಿದ್ದರು. ತೋಟದ ಯಜಮಾನರಾದ ಭಾನುಪ್ರಕಾಶ್ ಎದ್ದು ನಿಂತು, "ಕೆಲಸಗಾರರ ಸಮಿತಿಗೆ ಈ ಸಲಾನೂ ಮುನಿವೆಂಕಟಮ್ಮನೇ ಇರ್ಲಿ, ಏನಂತೀರಾ?" ಎಂದು ಕೇಳುತ್ತಿದ್ದರು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಒಂದು ಫೋಟೊ ತೆಗೆಯಲಾಗುತ್ತಿತ್ತು. ಅಲ್ಲಿಗೆ ಚುನಾವಣೆ ಮುಗಿದು, ಎಲ್ಲರೂ ಕತ್ತರಿ ಹಿಡಿದು ಹೂ ಕೊಯ್ಯಲು ಹೋಗುತ್ತಿದ್ದರು.

ಗುಲಾಬಿ ತೋಟಕ್ಕೆ ಸಮಿತಿ ಯಾಕೆ ಬೇಕು ಎಂದರೆ, ಈ ಹೂವು ಹೋಗುವುದು ನಮ್ಮ ದೇವರ ಮುಡಿಗಲ್ಲ, ಯುರೋಪಿನ ಅಂಗಡಿಗಳಿಗೆ. ಅಲ್ಲಿಯ ಜನಕ್ಕೆ ಹೂವಿನ ಜೊತೆ ಒಂದು ಸರ್ಟಿಫಿಕೇಟೂ ಬೇಕು: ಇದನ್ನು ಕೊಯ್ದವರನ್ನು ಮನುಷ್ಯರ ಹಾಗೆ ನಡೆಸಿಕೊಂಡಿದ್ದಾರೆ, ಅವರ ಪರವಾಗಿ ಮಾತಾಡುವವರನ್ನು ಅವರೇ ಆರಿಸಿಕೊಂಡಿದ್ದಾರೆ, ಯಾರಿಗೂ ವಿಷ ಕುಡಿಸಿಲ್ಲ ಅಂತ. ಅದಕ್ಕೆಂದೇ ಭಾನುಪ್ರಕಾಶ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಕನ್ನಡದಲ್ಲೇ ತರಿಸಿ, ಲ್ಯಾಮಿನೇಟ್ ಮಾಡಿಸಿ ಶೆಡ್ಡಿನ ಗೋಡೆಗೆ ಹಾಕಿಸಿದ್ದರು. ಪಕ್ಕದಲ್ಲಿ ಪಂಚಾಂಗದ ಕ್ಯಾಲೆಂಡರ್ ಇತ್ತು. ಹೆಂಗಸರು ನೋಡುತ್ತಿದ್ದುದು ಕ್ಯಾಲೆಂಡರನ್ನು. ಅದರಲ್ಲಿ ಅಮಾವಾಸ್ಯೆ ಯಾವತ್ತು ಎಂದಾದರೂ ತಿಳಿಯುತ್ತಿತ್ತು.

ಹಾಗಂತ ಭಾನುಪ್ರಕಾಶ್ ಕೆಟ್ಟ ಮನುಷ್ಯರೇನಲ್ಲ. ಮುನಿವೆಂಕಟಮ್ಮನ ಗಂಡ ವೆಂಕಟರಾಮಪ್ಪನಿಗೆ ಎದೆನೋವು ಬಂದ ದಿನ, ಆಂಬುಲೆನ್ಸಿಗೆ ಕಾಯದೆ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ದು ಅವರೇ. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದ ಮಾತು ಮುನಿವೆಂಕಟಮ್ಮನ ಕಿವಿಯಲ್ಲಿ ಇನ್ನೂ ಇದೆ. ಇಂಥ ಹಂಗಿನಲ್ಲಿ ಬಿದ್ದವರ ಬಾಯಿಗೆ ಹಕ್ಕಿನ ಮಾತು ಸುಲಭಕ್ಕೆ ಬರುವುದಿಲ್ಲ. ಪ್ರತಿ ವರ್ಷ ಸರ್ಟಿಫಿಕೇಟಿನ ತಪಾಸಣೆಗೆ ಬಂದವರು ಭಾನುಪ್ರಕಾಶರನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಏನಾದ್ರೂ ತೊಂದ್ರೆ ಇದ್ಯಾ ಅಮ್ಮ?" ಎಂದು ಕೇಳುತ್ತಿದ್ದರು. ಅವಳು "ಏನೂ ಇಲ್ಲ ಸಾರ್" ಎನ್ನುತ್ತಿದ್ದಳು. ಎಲ್ಲರೂ ಬಿಸ್ಕತ್ತು ತಿನ್ನುತ್ತಿದ್ದರು.

ತೊಂದರೆ ಇತ್ತು. ಗುಲಾಬಿಗೆ ಔಷಧಿ ಹೊಡೆದ ಮೇಲೆ, ಪ್ಲಾಸ್ಟಿಕ್ ಹೊದಿಸಿ ಗಿಡ ಬೆಳೆಸುವ ಪಾಲಿಹೌಸಿನ ಬಾಗಿಲಿಗೆ ಕೆಂಪು ಬಾವುಟ ಕಟ್ಟಬೇಕು. ಎಲೆ ಒಣಗಿ, ಘಾಟು ಇಳಿಯುವ ತನಕ ಯಾರೂ ಒಳಗೆ ಕಾಲಿಡಬಾರದು. ವರ್ಷವಿಡೀ ಈ ನಿಯಮ ಹೇಗೋ ನಡೆಯುತ್ತಿತ್ತು. ಆದರೆ ಜನವರಿ ಬಂತೆಂದರೆ ಅದು ಕುಂಟುತ್ತಿತ್ತು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಆರ್ಡರಿನ ಮೇಲೆ ಆರ್ಡರ್. ಬೆಳಿಗ್ಗೆ ಹತ್ತಕ್ಕೆಲ್ಲ ಲಾರಿ ತೋಟ ಬಿಟ್ಟು ವಿಮಾನ ನಿಲ್ದಾಣದ ದಾರಿ ಹಿಡಿಯಬೇಕು. ಹಾಗಾಗಿ ಬೆಳಗಿನ ಜಾವ ಔಷಧಿ ಹೊಡೆದರೂ ಬಾವುಟ ಬೇಗನೇ ಇಳಿಯುತ್ತಿತ್ತು. ಎಲೆಯ ತುದಿಯಲ್ಲಿ ಔಷಧಿಯ ಹನಿ ಇರುವಾಗಲೇ ಹೆಂಗಸರು ಒಳಗಿರುತ್ತಿದ್ದರು. ಎಲ್ಲೋ ಯಾರೋ ಪ್ರೀತಿಸುತ್ತಾರೆಂದು ಕುಂದಾಣದಲ್ಲಿ ಕಣ್ಣು ಉರಿಯುವುದು ಎಂಥ ನ್ಯಾಯವೋ ದೇವರಿಗೇ ಗೊತ್ತು.

ಇಷ್ಟು ವರ್ಷ ಕಣ್ಣುರಿ, ತಲೆನೋವು ಎಂದು ಸಹಿಸಿಕೊಂಡದ್ದಾಯಿತು. ಈ ವರ್ಷ ಮಾತ್ರ ಮುನಿವೆಂಕಟಮ್ಮನಿಗೆ ಸಹಿಸುವುದು ಕಷ್ಟವಾಗಿತ್ತು. ಅವಳ ಸೊಸೆ ಧನುಶ್ರೀ ಅದೇ ತೋಟದಲ್ಲಿ ಹೂ ಕೊಯ್ಯುತ್ತಿದ್ದಳು, ಈಗ ಬಸುರಿ. ಹೋದ ವಾರ ಮೂರನೇ ಪಾಲಿಹೌಸಿನಿಂದ ಬಾಯಿಗೆ ಸೆರಗು ಒತ್ತಿಕೊಂಡು ಆಚೆ ಬಂದವಳು ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಂಡಳು. "ಬಸುರಿ ಅಂದ್ಮೇಲೆ ವಾಂತಿ ಇದ್ದಿದ್ದೇ" ಎಂದರು ಎಲ್ಲರೂ. ಮುನಿವೆಂಕಟಮ್ಮನೂ ಹಾಗೇ ಅಂದಳು. ಸೊಸೆ ಮನೆಯಲ್ಲಿ ಒಂದು ದಿನವೂ ವಾಂತಿ ಮಾಡಿಕೊಂಡಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಈ ವರ್ಷದ ತಪಾಸಣೆಗೆ ಹಾಲೆಂಡಿನ ಹೊಸ ಮೇಡಂ ಬಂದರು. ಜೊತೆಗೆ ದೇವನಹಳ್ಳಿಯ ಹುಡುಗಿ ಫರ್ಹಾ. ಮೇಡಂ ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುವುದು, ಹೆಂಗಸರ ಕನ್ನಡವನ್ನು ಮೇಡಂಗೆ ಮುಟ್ಟಿಸುವುದು ಅವಳ ಕೆಲಸ. ಮೇಡಂ ಚುನಾವಣೆಯ ಹಳೆಯ ಫೋಟೊಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು. "ಇವರ ಎದುರು ಯಾರು ನಿಂತಿದ್ರು?"

"ಯಾರೂ ನಿಂತಿಲ್ಲ. ನಮ್ಮಲ್ಲಿ ಎಲ್ಲಾ ಅವಿರೋಧ ಆಯ್ಕೆ," ಎಂದರು ಭಾನುಪ್ರಕಾಶ್ ಹೆಮ್ಮೆಯಿಂದ. "ಊರಲ್ಲಿ ಜಗಳ ಬೇಡ ಅಂತ ಮೊದಲೇ ಮಾತಾಡ್ಕೊಂಡು ಒಬ್ಬರನ್ನ ಒಪ್ಪಿಕೊಳ್ತೀವಿ. ಇದು ನಮ್ಮ ಪದ್ಧತಿ."

"ಒಳ್ಳೇ ಪದ್ಧತಿನೇ. ಆದರೆ ಬೇಡ ಅನ್ನೋರು ಬೇಡ ಅಂತ ಹೇಗೆ ಹೇಳ್ತಾರೆ ಅಂತ ಕೇಳ್ತಿದ್ದಾರೆ ಸಾರ್," ಎಂದಳು ಫರ್ಹಾ.

"ಬೇಡ ಅನ್ನೋರು ಯಾರೂ ಇಲ್ಲಮ್ಮ."

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು ಅಂತಿದ್ದಾರೆ."

ಭಾನುಪ್ರಕಾಶರ ಮುಖ ಕೆಂಪಾಯಿತು. ಮೇಡಂ ಕೈತೊಳೆಯಲು ಹೋಗುವವರೆಗೆ ತಡೆದುಕೊಂಡು, ಆಮೇಲೆ ಶೆಡ್ಡಿಗೆಲ್ಲ ಕೇಳುವಂತೆ ಅಂದರು. "ಜಗತ್ತನ್ನೆಲ್ಲ ದೋಚ್ಕೊಂಡು ಹೋದೋರು ಈಗ ನಮಗೆ ಮಾನವ ಹಕ್ಕು ಹೇಳಿಕೊಡೋಕೆ ಬಂದವ್ರೆ. ಇದೆಲ್ಲ ಹಕ್ಕೂ ಅಲ್ಲ, ಸುಡುಗಾಡೂ ಅಲ್ಲ. ನಮ್ಮ ಹೂವಿನ ರೇಟು ಇಳಿಸೋಕೆ ಒಂದು ನೆಪ." ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜವಾದ ಮಾತನ್ನು ಮನುಷ್ಯ ಯಾವ ಹೊತ್ತಿನಲ್ಲಿ ನೆನಪಿಸಿಕೊಳ್ಳುತ್ತಾನೆ ಎಂಬುದನ್ನೂ ನೋಡಬೇಕಾಗುತ್ತದೆ.

ಮೇಡಂ ಹೇಳಿ ಹೋದದ್ದು ಇಷ್ಟು: ಶುಕ್ರವಾರ ಮತ್ತೆ ಬರುತ್ತೇನೆ, ಅವತ್ತು ಗುಟ್ಟಿನ ಮತದಾನ ಆಗಬೇಕು, ಕನಿಷ್ಠ ಇಬ್ಬರಾದರೂ ನಿಲ್ಲಬೇಕು. ಗೆದ್ದವರ ಜೊತೆ ನಾನು ಬೇರೆ ಕೋಣೆಯಲ್ಲಿ ಮಾತಾಡುತ್ತೇನೆ, ಯಜಮಾನರು ಅಲ್ಲಿರುವಂತಿಲ್ಲ. ಔಷಧಿ ಹೊಡೆಯುವ ವಿಷಯವನ್ನೂ ಕೇಳುವುದಿದೆ.

ಮುನಿವೆಂಕಟಮ್ಮನಿಗೆ ಅನ್ನ ರುಚಿಸದಂತಾಯಿತು. ಗೆಲ್ಲುವುದು ತಾನೇ ಎಂಬುದರಲ್ಲಿ ಅವಳಿಗೇನೂ ಅನುಮಾನವಿರಲಿಲ್ಲ, ಅದೇ ಅವಳ ಸಂಕಟ. ಯಜಮಾನರು ಪಕ್ಕದಲ್ಲಿ ಕೂತಿರುವಾಗ ಆಡಿದ ಸುಳ್ಳಿನಲ್ಲಿ ಅವರದ್ದೂ ಒಂದು ಪಾಲಿರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಕೂತು ಆಡಿದರೆ ಅದು ಪೂರ್ತಿ ತನ್ನದೇ. ನಿಜ ಹೇಳೋಣವೆಂದರೆ, ಸರ್ಟಿಫಿಕೇಟ್ ಹೋಗಿ ತೋಟ ಮುಚ್ಚಿದರೆ ಇಷ್ಟು ಜನ ಹೆಂಗಸರು ಎಲ್ಲಿಗೆ ಹೋಗಬೇಕು? ಗಂಡನನ್ನು ಉಳಿಸಿಕೊಟ್ಟವರ ಮುಖ ಹೇಗೆ ನೋಡಬೇಕು?

ಎದುರಾಳಿಯಾಗಿ ನಿಲ್ಲಲು ಯಾರೂ ಒಪ್ಪಲಿಲ್ಲ. ಮುನಿವೆಂಕಟಮ್ಮನ ಓರಗೆಯ ರುಕ್ಮಿಣಮ್ಮನನ್ನು ಕೇಳಿದಾಗ, "ಇಪ್ಪತ್ತು ವರ್ಷದಿಂದ ಒಂದೇ ಡಬ್ಬೀಲಿ ಊಟ ಮಾಡ್ತೀವಿ, ಅವಳ ಎದುರಿಗೆ ನಾನು ನಿಲ್ಲೋದಾ? ಬಿಡಿ ಸಾರ್" ಎಂದು ತಲೆಯಾಡಿಸಿಬಿಟ್ಟಳು. ಉಳಿದವರದ್ದೂ ಅದೇ ರಾಗ. ಕೊನೆಗೆ ಭಾನುಪ್ರಕಾಶರಿಗೇ ಉಪಾಯ ಹೊಳೆಯಿತು. "ಹೆಸರಿಗೆ ಒಬ್ಬರು ಬೇಕು ಅಷ್ಟೇ ತಾನೇ? ಧನುಶ್ರೀ ನಿಲ್ಲಲಿ. ಅತ್ತೆ ಸೊಸೆ ಒಂದೇ ಮನೆಯೋರು, ಯಾರಿಗೂ ಬೇಜಾರಾಗಲ್ಲ. ಓಟು ಮಾತ್ರ ಎಲ್ಲಾರೂ ಮುನಿವೆಂಕಟಮ್ಮಂಗೆ." ಎಲ್ಲರಿಗೂ ಅದು ಸರಿಕಂಡಿತು. ಧನುಶ್ರೀ ಮಾತಿಲ್ಲದೆ ಒಪ್ಪಿದಳು.

ಅವತ್ತು ಸಂಜೆ ಮುನಿವೆಂಕಟಮ್ಮ ಮುದ್ದೆ ತೊಳಸುತ್ತಿದ್ದಾಗ ಸೊಸೆ ಸೊಪ್ಪು ಬಿಡಿಸುತ್ತಾ ಎದುರಿಗೆ ಕೂತಳು.

"ಅತ್ತೆ, ಆಯಮ್ಮ ಔಷಧಿ ವಿಷ್ಯ ಕೇಳಿದ್ರೆ ಏನ್ ಹೇಳ್ತೀರಾ?"

"ಯಾವಾಗ್ಲೂ ಹೇಳೋದನ್ನೇ ಹೇಳ್ತೀನಿ."

"ಅಂದ್ರೆ ಸುಳ್ಳು ಹೇಳ್ತೀರಾ."

"ಆವತ್ತು ಅವ್ರು ಕಾರಲ್ಲಿ ಹಾಕ್ಕೊಂಡು ಹೋಗ್ದೆ ಇದ್ದಿದ್ರೆ ನಿಮ್ಮ ಮಾವ ಇವತ್ತು ಅಲ್ಲಿ ಕೂತ್ಕೊಂಡು ಟೀವಿ ನೋಡ್ತಿರ್ಲಿಲ್ಲ ಕಣಮ್ಮಿ. ಅದನ್ನ ಮರೆತುಬಿಡಕ್ಕಾಯ್ತದಾ?"

"ಮರೀಬೇಡಿ. ಅದು ಅವರ ಒಳ್ಳೇತನ, ನಾನು ಇಲ್ಲ ಅನ್ನಲ್ಲ. ಆದ್ರೆ ಅದಕ್ಕೂ ನನ್ನ ಹೊಟ್ಟೇಲಿರೋದಕ್ಕೂ ಏನ್ ಸಂಬಂಧ ಅತ್ತೆ? ಮಾವನ ಜೀವದ ಋಣನ ಈ ಕೂಸು ತೀರಿಸಬೇಕಾ?"

ಮುನಿವೆಂಕಟಮ್ಮ ಕೋಲು ಹಿಡಿದು ಮತ್ತೆ ತೊಳಸಿದಳು. ಮುದ್ದೆ ಗಂಟುಗಂಟಾಗಿತ್ತು. ಮದುವೆಯಾಗಿ ಬಂದ ಮೇಲೆ ಅವಳು ಗಂಟು ಮುದ್ದೆ ಮಾಡಿದ್ದು ಅದೇ ಮೊದಲು. ವೆಂಕಟರಾಮಪ್ಪ ತಟ್ಟೆ ನೋಡಿ, ಹೆಂಡತಿಯ ಮುಖ ನೋಡಿ, ಸುಮ್ಮನೆ ನುಂಗಿದ.

ಶುಕ್ರವಾರ ಬಂತು. ಓದು ಬರದವರೂ ಇದ್ದುದರಿಂದ ಮತಚೀಟಿ ಬೇಡವೆಂದು ಫರ್ಹಾ ಮೊದಲೇ ಹೇಳಿದ್ದಳು. ಶೆಡ್ಡಿನ ಮೂಲೆಗೆ ನೆರಳಿಗೆ ಕಟ್ಟುವ ಹಸಿರು ಬಲೆಯನ್ನು ಎರಡು ಪದರ ಮಾಡಿ ಕಟ್ಟಿ ಮರೆ ಮಾಡಿದರು. ಮರೆಯ ಹಿಂದೆ ಎರಡು ಮೊರ. ಒಂದರಲ್ಲಿ ಕೆಂಪು ಗುಲಾಬಿಯ ಎಸಳು, ಇನ್ನೊಂದರಲ್ಲಿ ಹಳದಿಯದು. ಕೆಂಪು ಮುನಿವೆಂಕಟಮ್ಮನಿಗೆ, ಹಳದಿ ಧನುಶ್ರೀಗೆ. ಬೇಕಾದ ಒಂದು ಎಸಳನ್ನು ತೆಗೆದು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಿಂದಿಗೆಯೊಳಗೆ ಹಾಕಿ ಬರಬೇಕು. ಬಿಂದಿಗೆಯ ಬಾಯಿ ಚಿಕ್ಕದು; ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

ಹೆಂಗಸರು ಒಬ್ಬೊಬ್ಬರೇ ಮರೆಗೆ ಹೋಗಿ ಬಂದರು. ಕೆಲವರು ನಗುತ್ತಾ ಬಂದರು, ಕೆಲವರು ಪೂಜೆ ಮುಗಿಸಿದ ಗಾಂಭೀರ್ಯದಲ್ಲಿ ಬಂದರು. ಮುನಿವೆಂಕಟಮ್ಮನ ಸರದಿಯೂ ಬಂತು.

ಮೊರದ ಮುಂದೆ ನಿಂತಾಗ ಅವಳಿಗೆ ಮೊದಲು ತೋರಿದ್ದು ನಾಚಿಕೆ. ತನಗೆ ತಾನೇ ಓಟು ಹಾಕಿಕೊಳ್ಳುವುದೇ? ಆಮೇಲೆ ಸೊಸೆಯ ಯೋಚನೆ ಬಂತು. ಬಿಂದಿಗೆ ಸುರಿದಾಗ ಒಂದಾದರೂ ಹಳದಿ ಇಲ್ಲದಿದ್ದರೆ ಪಾಪ, ಎಲ್ಲರೆದುರು ಹುಡುಗಿಯ ಮುಖ ಎಷ್ಟು ಸಣ್ಣದಾಗಬೇಡ? ಬಸುರಿ ಹೆಂಗಸು ಮನಸ್ಸಿಗೆ ಹಚ್ಚಿಕೊಂಡರೆ? ಬೇರೆಯವರೆಲ್ಲ ಹೇಗೂ ಕೆಂಪನ್ನೇ ಹಾಕಿರುತ್ತಾರೆ. ತಾನೊಬ್ಬಳು ಹಳದಿ ಹಾಕಿದರೆ ಏನೂ ಮುಳುಗಿಹೋಗುವುದಿಲ್ಲ. ಅವಳು ಹಳದಿ ಎಸಳನ್ನು ಎತ್ತಿಕೊಂಡಳು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಸೊಸೆಯ ಬೆನ್ನು ಕಣ್ಣಿಗೆ ಕಟ್ಟಿತು. ಎಸಳನ್ನು ಬಿಂದಿಗೆಯೊಳಗೆ ಬಿಟ್ಟು ಆಚೆ ಬಂದಳು.

ಹೂವನ್ನು ದರ್ಜೆವಾರು ಬೇರೆ ಮಾಡುವ ಮೇಜಿನ ಮೇಲೆ ಫರ್ಹಾ ಬಿಂದಿಗೆಯನ್ನು ಬೋರಲು ಹಾಕಿ ಎತ್ತಿದಳು.

ಮೇಜಿನ ತುಂಬ ಹಳದಿ. ಅರಿಶಿನ ಚೆಲ್ಲಿದ ಹಾಗೆ ಹಳದಿ. ಕೆಂಪು ಬೆರಳೆಣಿಕೆಯಷ್ಟು ಇದ್ದವು. ಅದರಲ್ಲಿ ಒಂದು ಧನುಶ್ರೀಯೇ ಅತ್ತೆಗೆ ಹಾಕಿದ್ದು ಎಂದು ಆಮೇಲೆ ತಿಳಿಯಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಿದ್ದು ಏನೆಂದು ನಿಧಾನವಾಗಿ ಎಲ್ಲರಿಗೂ ಅರ್ಥವಾಗತೊಡಗಿತು. ಪ್ರತಿಯೊಬ್ಬಳೂ, ಮಿಕ್ಕವರು ಹೇಗೂ ಮುನಿವೆಂಕಟಮ್ಮನಿಗೇ ಹಾಕುತ್ತಾರೆ, ತಾನೊಬ್ಬಳು ಹುಡುಗಿಯ ಮರ್ಯಾದೆ ಉಳಿಸೋಣ ಎಂದುಕೊಂಡಿದ್ದಳು. ಮರ್ಯಾದೆ ಉಳಿಸುವವರು ಇಷ್ಟು ಜನ ಒಂದೇ ಕಡೆ ಸೇರಿದರೆ ಹೀಗೇ ಆಗುವುದು.

"ಯಾರ್ಯಾರು ಹಳದಿ ಹಾಕಿದ್ದು?" ಭಾನುಪ್ರಕಾಶ್ ಕೇಳಿದರು.

"ಹಾಗೆ ಕೇಳೋ ಹಾಗಿಲ್ಲ ಸಾರ್," ಎಂದಳು ಫರ್ಹಾ.

ಕೇಳದೆಯೇ ಉತ್ತರಗಳು ಬಂದವು. "ಪಾಪ, ಸೊನ್ನೆ ಬರಬಾರದು ಅಂತ ಹಾಕ್ದೆ ಸಾರ್." "ಹೊಟ್ಟೇಲಿ ಕೂಸಿರೋಳು, ನೊಂದ್ಕೊಬಾರ್ದು ಅಂತ." "ನಾನೊಬ್ಬಳೇ ಅನ್ಕೊಂಡೆ." ಇಂಥವರನ್ನು ಬೈಯುವುದಾದರೂ ಹೇಗೆ? ಗೋಡೆಗೆ ಒರಗಿ ನಿಂತಿದ್ದ ಧನುಶ್ರೀ, ತಪ್ಪು ಮಾಡಿದವಳ ಹಾಗೆ ಅತ್ತೆಯನ್ನೇ ನೋಡುತ್ತಿದ್ದಳು.

ಮುನಿವೆಂಕಟಮ್ಮನಿಗೆ ಮೊದಲು ಕಸಿವಿಸಿಯಾಯಿತು. ಎಷ್ಟಾದರೂ ಇಷ್ಟು ವರ್ಷದ ಅಧ್ಯಕ್ಷೆ. ಸೊಸೆಯ ಎದುರು ಸೋತಳು ಎಂದು ನಾಳೆ ಊರು ಆಡಿಕೊಳ್ಳುತ್ತದೆ. ಆದರೆ ಆ ಕಸಿವಿಸಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಕೋಣೆಗೆ ತಾನು ಹೋಗಬೇಕಾಗಿಲ್ಲ ಎಂಬುದು ತಲೆಗೆ ಹೊಳೆದಾಗ, ಕೆರೆಯಿಂದ ಹೊತ್ತು ತಂದ ಕೊಡವನ್ನು ಯಾರೋ ತಲೆಯಿಂದ ಇಳಿಸಿಕೊಂಡಂತೆ ಕತ್ತು ಹಗುರಾಯಿತು.

ಅಷ್ಟರಲ್ಲಿ ಭಾನುಪ್ರಕಾಶ್ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ನೋಡು ಮುನಿವೆಂಕಟಮ್ಮ, ಇದು ಅಚಾತುರ್ಯದಿಂದ ಆಗಿರೋದು. ನನಗೆ ಆಗಲ್ಲ, ಮೈ ಸರಿಯಿಲ್ಲ, ನಮ್ಮತ್ತೆನೇ ಇರ್ಲಿ ಅಂತ ಅವಳ ಬಾಯಲ್ಲಿ ಹೇಳಿಸು. ನೀನು ಒಂದು ಮಾತು ಹೇಳಿದ್ರೆ ಅವಳು ಮೀರಲ್ಲ."

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಆಸ್ಪತ್ರೆಯ ಬಾಗಿಲಲ್ಲಿ "ಧೈರ್ಯವಾಗಿರು" ಎಂದು ಹೇಳಿದ್ದೂ ಇದೇ ದನಿ. ಅವರು ಹೇಳಿದ್ದು ನಿಜವೇ. ಅತ್ತೆ ಒಂದು ಸನ್ನೆ ಮಾಡಿದರೂ ಸಾಕು, ಧನುಶ್ರೀ ಹಿಂದೆ ಸರಿಯುತ್ತಾಳೆ. ಫರ್ಹಾ ಕೋಣೆಯ ಬಾಗಿಲು ಹಿಡಿದು ಕಾಯುತ್ತಿದ್ದಳು. ಹೆಂಗಸರೆಲ್ಲ ಮುನಿವೆಂಕಟಮ್ಮನನ್ನೇ ನೋಡುತ್ತಿದ್ದರು.

"ಸಾರ್," ಎಂದಳು ಅವಳು. "ಮನೇಲಿ ನಾನು ಅವಳಿಗೆ ಅತ್ತೆ. ಇಲ್ಲಿ ಅವಳು ಅಧ್ಯಕ್ಷೆ. ನಾನು ಹೆಂಗೆ ಹೇಳಕ್ಕಾಯ್ತದೆ?"

ಭಾನುಪ್ರಕಾಶ್ ಅವಳನ್ನೇ ದಿಟ್ಟಿಸಿದರು. ಅವಳು ತಲೆ ತಗ್ಗಿಸಿದಳು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸೊಸೆಯ ಕಡೆ ತಿರುಗಿ, "ಹೋಗಮ್ಮ ಧನು, ಮೇಡಂ ಕಾಯ್ತಾವ್ರೆ" ಎಂದಳು. ಧನುಶ್ರೀ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಆಚೆ ಯಾರಿಗೂ ಕೆಲಸದಲ್ಲಿ ಮನಸ್ಸಿಲ್ಲ. ಭಾನುಪ್ರಕಾಶ್ ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆದರು. ವಿಮಾನವೊಂದು ತಗಡಿನ ಮಾಡನ್ನು ಅದುರಿಸಿಕೊಂಡು ಹೋಯಿತು. ತಾನು ಆ ಮಾತು ಆಡಬಾರದಿತ್ತು ಎಂದು ಮುನಿವೆಂಕಟಮ್ಮನಿಗೆ ಅನ್ನಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಧನುಶ್ರೀ ನೆಟ್ಟಗೆ ಯಜಮಾನರ ಹತ್ತಿರ ಹೋದಳು. "ಸಾರ್, ಬಾವುಟ ಬೇಗ ಇಳಿಸ್ತಾರೆ ಅಂತ ಹೇಳಿದ್ದೀನಿ. ಯಾಕೆ ಇಳಿಸ್ತಾರೆ ಅಂತಾನೂ ಹೇಳಿದ್ದೀನಿ. ನಮ್ಮ ಸಾರ್ ಕೆಟ್ಟೋರಲ್ಲ, ಹತ್ತು ಗಂಟೆಗೆ ಲಾರಿ ಬೇಕು ಅಂತ ಕುತ್ತಿಗೆ ಮೇಲೆ ಕೂತಿರೋರು ನಿಮ್ಮ ಕಡೆ ಅಂಗಡಿಯೋರೇ, ಅವರಿಗೂ ಒಂದು ಮಾತು ಹೇಳಿ ಅಂದೆ."

"ಅದಕ್ಕೆ ಏನಂದ್ರು?" ಭಾನುಪ್ರಕಾಶರ ದನಿ ಇಳಿದಿತ್ತು.

ಉತ್ತರ ಕೊಟ್ಟಿದ್ದು ಫರ್ಹಾ. "ಹಕ್ಕೂ ಬೇಕು, ಹತ್ತು ಗಂಟೆಗೆ ಹೂವೂ ಬೇಕು ಅಂದ್ರೆ ಆಗಲ್ಲ ಅನ್ನೋದು ಅವರಿಗೂ ಗೊತ್ತು ಸಾರ್. ಕೆಲಸಗಾರರ ಬಾಯಿಂದ ಅದು ಬರ್ಲಿ ಅಂತ ಕಾಯ್ತಿದ್ದರಂತೆ. ಅಂಗಡಿಯವರ ಮೇಲೂ ಬರೀತಾರೆ. ಸರ್ಟಿಫಿಕೇಟ್ ಕಿತ್ಕೊಳ್ಳಲ್ಲ. ಔಷಧಿನ ಸಂಜೆ ಹೊತ್ತು ಹೊಡೀಬೇಕು, ಬಾವುಟ ಇಳಿಸೋದು ಸಮಿತಿಯವರು, ಅಷ್ಟೇ ಷರತ್ತು."

ಭಾನುಪ್ರಕಾಶ್ ಅಲ್ಲೇ ಇದ್ದ ಒಂದು ಕ್ರೇಟಿನ ಮೇಲೆ ಕುಳಿತುಬಿಟ್ಟರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಅವರ ಎದೆಯ ಮೇಲೂ ಒಂದು ಭಾರವಿತ್ತು ಎಂದು ಮುನಿವೆಂಕಟಮ್ಮನಿಗೆ ಹೊಳೆದಿದ್ದು ಆಗ. ಅವರೇನೂ ಧನ್ಯವಾದ ಹೇಳಲಿಲ್ಲ. ಯಾರ ಮೇಲೂ ರೇಗಲೂ ಇಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಅವರು ಫೋನಿನಲ್ಲಿ, "ಹೂವು ಸಂಜೆ ಫ್ಲೈಟಿಗೇ ಆಗೋದು. ನಾನೇನ್ ಮಾಡ್ಲಿ, ನಮ್ಮ ಸಮಿತಿಯೋರು ಬಿಡಲ್ಲ" ಎಂದು ದಬಾಯಿಸುವುದನ್ನು ಹೆಂಗಸರು ತಮ್ಮ ಕಿವಿಯಾರೆ ಕೇಳಿದರು. ಫೋನಿನ ಆ ಕಡೆ ಯಾರಿದ್ದರೋ, ಮೊದಲು ಕೂಗಾಡಿ ಆಮೇಲೆ ಒಪ್ಪಿಕೊಂಡರಂತೆ. ಸಮಿತಿ ಎನ್ನುವುದು ಯಜಮಾನರಿಗೂ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿದ್ದರೆ ಚಪ್ಪಾಳೆಯ ಕಾಲ ಯಾವಾಗಲೋ ಮುಗಿದಿರುತ್ತಿತ್ತು.

ಆಮೇಲಿನ ಒಂದು ಬೆಳಿಗ್ಗೆ. ಮೂರನೇ ಪಾಲಿಹೌಸಿನ ಬಾಗಿಲಲ್ಲಿ ಬಾವುಟ ಇನ್ನೂ ಹಾರುತ್ತಿತ್ತು. ಒಳಗೆ ಘಾಟು ಪೂರ್ತಿ ಇಳಿದಿಲ್ಲ ಎಂದು ಧನುಶ್ರೀ ಹೇಳಿ ತಿಂಗಳ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದಳು. ಈಗ ವಾಂತಿ ನಿಂತಿತ್ತು. ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಹೆಂಗಸರು ಬಿಸಿಲು ಕಾಯಿಸುತ್ತಾ ಹೊರಗೆ ಕೂತಿದ್ದರು. ಮುನಿವೆಂಕಟಮ್ಮನೂ ರುಕ್ಮಿಣಮ್ಮನೂ ಒಂದೇ ಗೋಣಿತಾಟಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವತ್ತಿನ ಎಣಿಕೆಯ ಮಾತು ಇಬ್ಬರ ನಡುವೆ ಬಂದೇ ಇರಲಿಲ್ಲ.

"ಲೇ ರುಕ್ಮಿಣಿ," ಎಂದಳು ಮುನಿವೆಂಕಟಮ್ಮ, "ನೀನೂ ಹಳದಿನೇ ಹಾಕಿದ್ದಾ?"

"ಹ್ಞೂಂ. ಪಾಪ ಅಂತ ಹಾಕ್ದೆ."

"ಬರೀ ಪಾಪ ಅಂತಾನಾ?"

ರುಕ್ಮಿಣಮ್ಮನ ಕೈ ನಿಂತಿತು. ಸುಲಿದ ಕಾಳನ್ನು ಮಡಿಲಿನ ಮೊರಕ್ಕೆ ಹಾಕಿ, ಗೆಳತಿಯ ಮುಖ ನೋಡಿದಳು. "ಸಾರ್‌ಗೇ ಕೇಳೋ ಹಾಗಿಲ್ಲ ಅಂದ್ಲಲ್ಲ ಆ ಹುಡುಗಿ. ನೀನ್ಯಾವಳೇ ಕೇಳಕ್ಕೆ?"

ಮುನಿವೆಂಕಟಮ್ಮನಿಗೆ ನಗು ಬಂತು. ರುಕ್ಮಿಣಮ್ಮನೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಅದ್ಸರಿ, ನೀನ್ ಯಾವ್ದು ಹಾಕ್ದೆ?"

ಮುನಿವೆಂಕಟಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಹುಟ್ಟಿದಾಗಿನಿಂದ ಅಪ್ಪನಿಗೆ, ಆಮೇಲೆ ಗಂಡನಿಗೆ, ಆಮೇಲೆ ಯಜಮಾನರಿಗೆ, ಯಾರು ಏನು ಕೇಳಿದರೂ ಹೇಳುತ್ತಲೇ ಬಂದವಳು. ಕೇಳಿದರೂ ಹೇಳಬೇಕಾಗಿಲ್ಲದ್ದು ಎಂದು ಅವಳ ಬಳಿ ಇದುವರೆಗೆ ಏನೂ ಇರಲಿಲ್ಲ.

"ಹೇಳಲ್ಲ ಕಣೇ," ಎಂದಳು. ಹಾಗೆ ಹೇಳುವುದು ಎಷ್ಟು ಹಿತವಾಗಿತ್ತೆಂದರೆ, ಇನ್ನೊಂದು ಸಲ ಕೇಳಲಿ ಎಂದು ರುಕ್ಮಿಣಮ್ಮನ ಕಡೆ ನೋಡಿದಳು.